ಹೊಲಕ್ಕೆ ಎರಡು ಸಲ ಹೋಗಿ

ಮಕ್ಕಳೇ, ಎಳ್ಳಮಾವಾಸ್ಯೆಗೆ ನೀವು ಊರಿಗೆ ಬಂದೇ ಬರುತ್ತೀರಿ. ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಲಾತೂರಿನ ಕೋಚಿಂಗ್ ಕ್ಲಾಸಿನ ಹಾಸ್ಟೆಲಿನಲ್ಲಿರಲಿ, ಆ ಒಂದು ದಿನ ತಪ್ಪಿಸುವುದಿಲ್ಲ. ಉಮರ್ಗಾ, ನಿಲಂಗಾ, ಉದಗೀರದ ಪೇಟೆಗಳು ಅವತ್ತು ಬಣಗುಡುತ್ತವೆ. ಊರಿಗೆ ಊರೇ ಹೊಲದಲ್ಲಿರುತ್ತದೆ. ಕಣಿಕೆಯ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊಟ್ಟೆ ತುಂಬ ಉಂಡು, ಫೋಟೊ ತೆಗೆದುಕೊಂಡು ಸಂಜೆಗೆ ಬಸ್ಸು ಹಿಡಿಯುತ್ತೀರಿ. ಅದರಲ್ಲಿ ತಪ್ಪೇನಿಲ್ಲ. ನನ್ನದೊಂದೇ ಮಾತು: ಅದೇ ಹೊಲಕ್ಕೆ ಶಿವರಾತ್ರಿ ಹೊತ್ತಿಗೆ ಇನ್ನೊಮ್ಮೆ ಹೋಗಿ.

ಎರಡು ಹಬ್ಬಗಳ ನಡುವೆ ಚಾಂದ್ರಮಾನದ ಲೆಕ್ಕದಲ್ಲಿ ಎರಡು ತಿಂಗಳಿಗೆ ಒಂದು ದಿನ ಕಡಿಮೆ. ಮಾರ್ಗಶಿರದ ಅಮಾವಾಸ್ಯೆಗೆ ಬೆಳಗಿನ ಚಳಿ ಮೈ ಕೊರೆಯುತ್ತದೆ. ಮಾಘದ ಬಹುಳ ಚತುರ್ದಶಿಗೆ ಮಧ್ಯಾಹ್ನ ನೆರಳು ಹುಡುಕಬೇಕಾಗುತ್ತದೆ. ನಡುವೆ ಚಳಿಗಾಲ ಯಾವತ್ತು ಹೋಯಿತು ಎಂದು ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ, ಯಾಕೆಂದರೆ ಅದು ಒಂದೇ ದಿನ ಹೋಗುವುದಿಲ್ಲ. ಮಣ್ಣಿನಿಂದ ಒಂದು ದಿನ, ಕಡಲೆ ಎಲೆಯಿಂದ ಇನ್ನೊಂದು ದಿನ, ಬೇವಿನ ಮರದಿಂದ ಮತ್ತೊಂದು ದಿನ ಹೊರಡುತ್ತದೆ. ಒಂದು ಸಲ ನೋಡಿದವನಿಗೆ ಹೊಲ ಚೆಂದ ಕಾಣುತ್ತದೆ, ಅಷ್ಟೆ. ಎರಡನೇ ಸಲ ನೋಡಿದವನಿಗೆ ಏನು ಬದಲಾಗಿದೆ ಎನ್ನುವುದು ಕಾಣುತ್ತದೆ. ನೋಡುವುದು ಎಂದರೆ ಹೋಲಿಸಿ ನೋಡುವುದು. ಇಷ್ಟು ವಯಸ್ಸಾದ ಮೇಲೆ ನಿಮಗೆ ಕೊಡಲು ನನ್ನ ಹತ್ತಿರ ಇರುವುದು ಇದೊಂದು ಮಾತು. ಮುಂದಿನದೆಲ್ಲ ಅದರ ವಿವರ.

ಬೆಳಕಿನಿಂದ ಶುರು ಮಾಡಿ. ಅದಕ್ಕೆ ಹೊಲವೂ ಬೇಡ, ಹಾಸ್ಟೆಲಿನ ಮಾಳಿಗೆ ಸಾಕು. ಸಂಕ್ರಾಂತಿ ಆಯಿತು, ಇನ್ನು ಹಗಲು ದೊಡ್ಡದಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಗಡಿಯಾರ ಹಿಡಿದು ನೋಡಿ. ಉಮರ್ಗಾ ಕಡೆ ಡಿಸೆಂಬರ್ ಮೊದಲ ದಿನಗಳಲ್ಲಿ ಸೂರ್ಯ ಮುಳುಗುವುದು ಸುಮಾರು 5-45ಕ್ಕೆ. ಜನವರಿ 20ರ ಹೊತ್ತಿಗೆ ಸುಮಾರು 6-10ಕ್ಕೆ. ಅಂದರೆ ಸಂಜೆ ಆಗಲೇ ಉದ್ದವಾಗಿದೆ. ಬೆಳಿಗ್ಗೆ ಮಾತ್ರ ಹಾಗಲ್ಲ. ಜನವರಿ ಮೂರನೇ ವಾರದವರೆಗೂ ಸೂರ್ಯ ದಿನದಿನಕ್ಕೆ ತಡವಾಗಿಯೇ ಹುಟ್ಟುತ್ತಾನೆ. ಏಳು ಗಂಟೆಯ ಹತ್ತಿರ ಹೋಗಿ ನಿಂತು, ಆಮೇಲೆ ಹಿಂದೆ ಸರಿಯತೊಡಗುತ್ತಾನೆ. ಭೂಮಿಯ ಅಕ್ಷ ವಾಲಿದೆ. ಸೂರ್ಯನಿಗೆ ಹತ್ತಿರವಿರುವ ಈ ತಿಂಗಳುಗಳಲ್ಲಿ ಭೂಮಿ ತನ್ನ ದಾರಿಯಲ್ಲಿ ತುಸು ಬೇಗ ಸಾಗುತ್ತದೆ. ಹೀಗಾಗಿ ನಡುಹಗಲೇ ಈ ವಾರಗಳಲ್ಲಿ ಇಪ್ಪತ್ತು ನಿಮಿಷದಷ್ಟು ಮುಂದಕ್ಕೆ ಜರುಗುತ್ತದೆ. ಹಗಲು ಬೆಳೆಯುವುದು ಮೊದಲು ಸಂಜೆಯ ಕಡೆಯಿಂದ. ಸೂರ್ಯ ಹುಟ್ಟುವ ಜಾಗವನ್ನೂ ಗುರುತು ಹಾಕಿಕೊಳ್ಳಿ. ಎಳ್ಳಮಾವಾಸ್ಯೆಗೆ ಎದುರಿನ ನೀರಿನ ಟಾಕಿಯ ಬಲಕ್ಕೆ ಹುಟ್ಟಿದವನು ಮಾಘ ಕಳೆಯುವುದರೊಳಗೆ ಅದನ್ನು ದಾಟಿ ಎಡಕ್ಕೆ ಬಂದಿರುತ್ತಾನೆ.

ಇನ್ನು ಮಣ್ಣು. ನಮ್ಮದು ಬಾಲಾಘಾಟದ ಎರೆ ಭೂಮಿ. ಆರೂವರೆ ಕೋಟಿ ವರ್ಷಗಳಷ್ಟು ಹಿಂದೆ ಹರಿದ ಲಾವಾ ಕಲ್ಲಾಯಿತು, ಆ ಕಲ್ಲು ಸವೆದು ಈ ಕರಿಮಣ್ಣಾಯಿತು. ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಿಂಗಾರಿ ಜೋಳಕ್ಕೆ ನಮ್ಮಲ್ಲಿ ನೀರು ಹಾಯಿಸುವವರು ಕಡಿಮೆ. ಮಳೆ ನಿಂತ ಮೇಲೆ ಮಣ್ಣು ಹಿಡಿದಿಟ್ಟುಕೊಂಡ ಹಸಿಯೇ ಅದರ ಬಂಡವಾಳ. ಬಿರುಕು ಬಿಟ್ಟರೆ ಆ ಹಸಿ ಅಲ್ಲಿಂದಲೇ ಹಾರಿಹೋಗುತ್ತದೆ, ಬೇರೂ ಹರಿಯುತ್ತವೆ. ಬಿತ್ತಿದ ಮೇಲೆ ನಿಮ್ಮ ಅಜ್ಜ ಮೇಲಿಂದ ಮೇಲೆ ಎಡೆ ಹೊಡೆಯುತ್ತಿದ್ದುದು ಕಸ ತೆಗೆಯಲಿಕ್ಕಷ್ಟೇ ಅಲ್ಲ. ಮೇಲಿನ ಮಣ್ಣನ್ನು ಪುಡಿ ಮಾಡಿ ಬಿರುಕಿನ ಬಾಯಿ ಮುಚ್ಚಲಿಕ್ಕೆ. ಎಳ್ಳಮಾವಾಸ್ಯೆಗೆ ಕೊಂಪೆ ಹಾಕಿದ್ದ ಜಾಗದ ಪಕ್ಕದಲ್ಲೇ ಒಂದು ಬಿರುಕು ಹುಡುಕಿ. ಆಗ ಅದರಲ್ಲಿ ಬೆಂಕಿಕಡ್ಡಿ ಇಳಿದರೆ ಹೆಚ್ಚು. ಶಿವರಾತ್ರಿಗೆ ಹೋಗಿ ಅದೇ ಬಿರುಕಿನಲ್ಲಿ ಬೆರಳು ಇಳಿಸಿ ನೋಡಿ. ಒಂದು ಹೊಲ ಎಷ್ಟು ಬೇಗ ಒಣಗುತ್ತಿದೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಸಾಧನ ನನಗೆ ಗೊತ್ತಿಲ್ಲ.

ಕಡಲೆ ಹೊಲಕ್ಕೆ ಮಾತ್ರ ಹೊತ್ತು ಹುಟ್ಟುವ ಮೊದಲು ಹೋಗಬೇಕು. ಚಳಿ ಗಟ್ಟಿಯಿರುವಾಗ ಕಡಲೆ ಗಿಡದ ಸಣ್ಣ ಎಲೆಗಳ ಮೇಲೆಲ್ಲ ಇಬ್ಬನಿ ಕೂತಿರುತ್ತದೆ. ಎಲೆ ಮುಟ್ಟಿ ಬೆರಳು ನಾಲಿಗೆಗೆ ಹಚ್ಚಿ ನೋಡಿ, ಹುಳಿ. ಎಲೆಯ ಮೇಲಿನ ಸಣ್ಣ ಕೂದಲು ಆಮ್ಲ ಒಸರುತ್ತವೆ, ಇಬ್ಬನಿ ಅದನ್ನು ಕರಗಿಸಿಕೊಳ್ಳುತ್ತದೆ. ಹಿಂದೆ ಹೆಂಗಸರು ತೆಳು ಬಿಳಿ ಬಟ್ಟೆಯನ್ನು ನಸುಕಿನಲ್ಲಿ ಗಿಡಗಳ ಮೇಲೆ ಹಾಸಿ, ತೊಯ್ದ ಬಟ್ಟೆ ಹಿಂಡಿ, ಆ ಕಡಲೆ ಹುಳಿಯನ್ನು ಶೀಶೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೊಟ್ಟೆನೋವಿಗೆ, ಅಜೀರ್ಣಕ್ಕೆ ನೀರಲ್ಲಿ ಹನಿಸಿ ಕೊಡುತ್ತಿದ್ದರು. ಬರಿಗಾಲಲ್ಲಿ ಹೊಲದೊಳಗೆ ಅಡ್ಡಾಡಿದರೆ ಕಾಲು ಉರಿಯುತ್ತದೆ, ಚಪ್ಪಲಿ ಬಣ್ಣಗೆಡುತ್ತದೆ. ಮಾಘ ಅರ್ಧ ಕಳೆಯುತ್ತಿದ್ದಂತೆ ಒಂದು ಬೆಳಿಗ್ಗೆ ಹೋದರೆ ಎಲೆ ಒಣಗಿರುತ್ತದೆ. ಮರುದಿನ ಸ್ವಲ್ಪ ಇಬ್ಬನಿ, ಆಮೇಲೆ ಇಲ್ಲ. ಬುಡದ ಎಲೆ ಹಳದಿ ತಿರುಗಿ, ಕಾಯಿ ಗಲಗಲ ಎನ್ನತೊಡಗುತ್ತದೆ. ಇಬ್ಬನಿ ಬೀಳದ ಮೊದಲ ಬೆಳಿಗ್ಗೆಯ ತಾರೀಖು ಬರೆದುಕೊಳ್ಳಿ. ನಿಮ್ಮ ಹೊಲದ ಮಟ್ಟಿಗೆ ಚಳಿಗಾಲ ಹೊರಟದ್ದು ಆ ದಿನ.

ಅಗಸೆ ಕಂಡರೆ ಅದನ್ನೂ ಬೆಳಿಗ್ಗೆಯೇ ನೋಡಿ. ಅದರ ನೀಲಿ ಹೂ ಬಿಸಿಲೇರುವವರೆಗೆ ಮಾತ್ರ. ಮಧ್ಯಾಹ್ನಕ್ಕೆ ದಳ ಉದುರಿರುತ್ತವೆ. ಹನ್ನೆರಡು ಗಂಟೆಗೆ ಹೋದವನು ಈ ಹೊಲದಲ್ಲಿ ಹೂವೇ ಇಲ್ಲ ಎಂದು ಹೇಳಿ ಬರುತ್ತಾನೆ, ಅವನು ಹೇಳಿದ್ದೂ ಸುಳ್ಳಲ್ಲ. ಕುಸುಬೆಯದು ಇನ್ನೊಂದು ಬಗೆ. ಹೂ ಹಳದಿಯಾಗಿ ಅರಳಿ ಕೆಂಪಿಗೆ ತಿರುಗುತ್ತಿದ್ದಂತೆ ಅದರ ಸುತ್ತಲಿನ ಮುಳ್ಳು ಬಿರುಸಾಗುತ್ತ ಬರುತ್ತದೆ. ಆ ಮುಳ್ಳಿಗಾಗಿಯೇ ಹಿಂದಿನವರು ದನ ನುಗ್ಗದಂತೆ ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬೆ ಹಾಕುತ್ತಿದ್ದರು. ಕೊಯ್ಲಿಗೆ ಜನ ನಸುಕಿನಲ್ಲೇ ಯಾಕೆ ಹೋಗುತ್ತಾರೆ ಎಂದು ಕೇಳಿದ್ದೀರಾ? ರಾತ್ರಿಯ ತೇವಕ್ಕೆ ಮುಳ್ಳು ಮೆತ್ತಗಾಗಿರುತ್ತದೆ. ಬಿಸಿಲೇರಿದರೆ ಕೈ ಹಾಕಲಾಗದು. ಸೋಯಾ ತೆಗೆದು ಕಡಲೆ ಹಾಕುವುದು ರೂಢಿಯಾದ ಮೇಲೆ ಕುಸುಬೆ, ಅಗಸೆ ಎರಡೂ ನಮ್ಮಲ್ಲಿ ಕಡಿಮೆಯಾಗಿವೆ. ಹುಡುಕಿಕೊಂಡು ಹೋಗಬೇಕಾದೀತು. ಹುಡುಕಿಯೂ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯಿರಿ. ಇಲ್ಲದ್ದನ್ನು ಬರೆಯುವುದೂ ನೋಡುವುದರಲ್ಲೇ ಸೇರಿದೆ.

ಜೋಳವನ್ನು ಕೈಯಲ್ಲಿ ಹಿಡಿದು ನೋಡಿ. ಸೀತನಿ ತಿನ್ನಲು ಬಂದಾಗ ನೀವು ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಶೇಂಗಾ ಚಟ್ನಿಯ ಜೊತೆ ತಿನ್ನುತ್ತೀರಿ. ಆಗ ಕಾಳು ಒತ್ತಿದರೆ ಉಗುರಿಗೆ ಮೆತ್ತಗೆ ಸಿಗುತ್ತದೆ. ಅದಕ್ಕೂ ಹಿಂದಿನ ವಾರ ಒತ್ತಿದ್ದರೆ ಹಾಲು ಬರುತ್ತಿತ್ತು. ಎರಡು ವಾರ ಬಿಟ್ಟು ಒತ್ತಿ, ಉಗುರು ಇಳಿಯುವುದಿಲ್ಲ. ಆಗ ಒಂದು ಕಾಳು ಬಿಡಿಸಿ ತಿರುಗಿಸಿ, ತೆನೆಗೆ ಅಂಟಿಕೊಂಡಿದ್ದ ಬುಡದ ಕಡೆ ನೋಡಿ. ಅಲ್ಲೊಂದು ಕರಿ ಚುಕ್ಕಿ ಮೂಡಿರುತ್ತದೆ. ಗಿಡದಿಂದ ಕಾಳಿಗೆ ಹೋಗುತ್ತಿದ್ದ ಆಹಾರದ ದಾರಿ ಮುಚ್ಚಿತು, ಕಾಳು ಪೂರ್ತಿ ಬಲಿಯಿತು ಎಂಬುದಕ್ಕೆ ಅದು ಗುರುತು. ಅಲ್ಲಿಂದ ಮುಂದೆ ಕಾಳು ಒಣಗುತ್ತದೆಯೇ ಹೊರತು ಬೆಳೆಯುವುದಿಲ್ಲ. ಮಾಲದಂಡಿ ಜೋಳ ಬೆಳೆಯುವ ನಮ್ಮ ಹಿರಿಯರು ಕೃಷಿ ಪುಸ್ತಕ ಓದಿದವರಲ್ಲ. ಒಂದು ಕಾಳು ಹಲ್ಲಿಗೆ ಹಾಕಿ ಕಟಕ್ ಎಂದ ಸದ್ದಿನಿಂದ ಕೀಳುವ ದಿನ ಹೇಳುತ್ತಿದ್ದರು. ನೀವು ಚುಕ್ಕಿಯನ್ನೂ ನೋಡಿ, ಸದ್ದನ್ನೂ ಕೇಳಿ.

ಈಗ ಮರಗಳ ಕಡೆ ಬನ್ನಿ. ಬೇವು ಮಾಘ-ಫಾಲ್ಗುಣದಲ್ಲಿ ಎಲೆ ಉದುರಿಸಿ, ತಾಮ್ರದ ಬಣ್ಣದ ಚಿಗುರು ತೊಟ್ಟು, ಯುಗಾದಿಗೆ ಹೂವಾಗುತ್ತದೆ. ಯುಗಾದಿಯ ಬೇವು-ಬೆಲ್ಲ ಎಲ್ಲರಿಗೂ ನೆನಪಿರುತ್ತದೆ, ಅದರ ಹಿಂದಿನ ಬೋಳು ಯಾರಿಗೂ ನೆನಪಿರುವುದಿಲ್ಲ. ಮಾವಿನ ಮರ ಆಗಲೇ ಹೂ ಬಿಟ್ಟಿರುತ್ತದೆ. ಮೋಡ ಮುಸುಕಿ ಮಂಜು ಬಿದ್ದರೆ ಹೂಗೊಂಚಲಿಗೆ ಬೂದಿ ರೋಗ ಬರುತ್ತದೆ, ಜಿಗಿಹುಳು ಏಳುತ್ತವೆ. ಬಾರೆ ಹಣ್ಣು ಸಂಕ್ರಾಂತಿಯ ಸುತ್ತ ಹಣ್ಣಾಗುತ್ತವೆ. ಕರಿಯ ದಿನ ಚಿಕ್ಕಮಕ್ಕಳ ತಲೆಯ ಮೇಲೆ ಎರೆಯುವುದು ಅದಕ್ಕೇ, ಆ ಕಾಲಕ್ಕೆ ಅಡವಿಯಲ್ಲಿ ಕೈಗೆ ಸಿಗುವ ಹಣ್ಣು ಅದೇ. ಮುತ್ತಲ ಮರದಲ್ಲಿ ಎಲ್ಲರೂ ಕೆಂಪು ಹೂವನ್ನೇ ನೋಡುತ್ತಾರೆ. ನೀವು ಎರಡು ವಾರ ಮೊದಲೇ ಹೋಗಿ. ಬರಿ ಕೊಂಬೆಯ ಮೇಲೆ ಗೊಂಚಲುಗೊಂಚಲಾಗಿ ಕಪ್ಪು-ಕಂದು ಮೊಗ್ಗು ಕೂತಿರುತ್ತವೆ, ಮುಟ್ಟಿದರೆ ಮಖಮಲ್ಲು. ಆ ಕಪ್ಪಿನ ತುದಿ ಒಡೆದು ಒಂದು ಗೆರೆ ಕೇಸರಿ ಇಣುಕುವ ದಿನ ಇದೆಯಲ್ಲ, ಅದನ್ನು ಹಿಡಿಯಬೇಕು. ಉದಗೀರದವರಿಗೆ ಹತ್ತಿಬೆಟ್ಟ ಹತ್ತಿರವಿದೆ. ಪಿಕ್ನಿಕ್ಕಿಗೆ ಹೋದಾಗ ಡಬ್ಬಿ ಬಿಚ್ಚುವ ಮೊದಲು ಒಂದು ಸುತ್ತು ಹಾಕಿ.

ಎರಡು ಅರಳಿ ಮರಗಳನ್ನು ಜೊತೆಯಾಗಿ ನೋಡುವುದು ಇನ್ನೂ ಒಳ್ಳೆಯದು. ಒಂದೇ ಊರಿನಲ್ಲಿ, ಒಂದೇ ಮಣ್ಣಿನಲ್ಲಿ, ಗುಡಿಯ ಮುಂದಿನ ಅರಳಿ ಎಲೆ ಉದುರಿಸಿ ಬೋಳಾಗಿರುವಾಗ ಬಸ್ ಸ್ಟ್ಯಾಂಡಿನ ಅರಳಿ ಹಸಿರಾಗಿಯೇ ನಿಂತಿರುತ್ತದೆ. ಹತ್ತು-ಹದಿನೈದು ದಿನ ಬಿಟ್ಟು ಅದರ ಸರದಿ. ಒಂದೇ ಜಾತಿಯ ಎರಡು ಮರಗಳಿಗೂ ಕಾಲ ಬೇರೆ. ಪರೀಕ್ಷೆಯಲ್ಲಿ ಗೆಳೆಯನಿಗಿಂತ ಹಿಂದೆ ಬಿದ್ದೆ ಎಂದು ಕುಗ್ಗುವ ಹುಡುಗರಿಗೆ ನಾನು ಭಾಷಣ ಮಾಡುವುದಿಲ್ಲ, ಈ ಎರಡು ಮರ ತೋರಿಸುತ್ತೇನೆ.

ಹಕ್ಕಿಗಳು ಹೋಗುವ ಸಿದ್ಧತೆಯಲ್ಲಿರುವುದೂ ಈಗಲೇ. ಜೋಳ ಹಾಲುಗಾಳಾದಾಗ ಮೋಡದಂತೆ ಬಂದಿಳಿಯುವ ಗುಲಾಬಿ ಕಬ್ಬಕ್ಕಿಗಳನ್ನು ನೀವು ನೋಡಿರುತ್ತೀರಿ. ಮರಾಠಿಯವರು ಭೋರಡ್ಯಾ ಎನ್ನುತ್ತಾರೆ. ಅಟ್ಟದ ಮೇಲೆ ನಿಂತು ಕವಣೆ ಬೀಸಿ ಬೈದು ಓಡಿಸುತ್ತೇವೆ. ಅವು ಮಧ್ಯ ಏಷ್ಯಾದ ಕಡೆಯಿಂದ ಬಂದವು, ಅಲ್ಲಿ ಮಿಡತೆ ತಿಂದು ಮರಿ ಮಾಡುವಂಥವು. ಸಂಜೆಗೆ ಜಾಲಿಗಿಡಗಳಲ್ಲಿ ಸಾವಿರಗಟ್ಟಲೆ ಸೇರುತ್ತವೆ. ಜೋಳ ಕಿತ್ತ ಮೇಲೆ ಅವೇ ಹಕ್ಕಿಗಳು ಮುತ್ತಲದ, ಬೂರುಗದ ಹೂವಿನ ಮೇಲೆ ಮಕರಂದಕ್ಕೆ ಕೂತಿರುತ್ತವೆ. ಏಪ್ರಿಲ್ ಹೊತ್ತಿಗೆ ಒಂದೂ ಇರುವುದಿಲ್ಲ. ಬಾವಿಯ ಹತ್ತಿರ ಬಾಲ ಕುಣಿಸುತ್ತ ಓಡಾಡುವ ಸಿಪಿಲೆಯನ್ನು ನೋಡಿ. ಚಳಿಗಾಲವೆಲ್ಲ ಮಂಕಾಗಿದ್ದ ಹಳದಿ ಸಿಪಿಲೆಯ ಎದೆ ಹೊರಡುವ ಮೊದಲು ಹೊಳೆಯುವ ಹಳದಿಗೆ ಬರುತ್ತದೆ. ಇಲ್ಲೇ ಇರುವ ಸೂರಕ್ಕಿಯೂ ಹಾಗೆ: ಹಳದಿ ಹೊಟ್ಟೆಯ ನಡುವೆ ಒಂದು ಕರಿ ಪಟ್ಟೆ ಹೊತ್ತುಕೊಂಡಿದ್ದ ಗಂಡು ಫೆಬ್ರವರಿಗೆ ಪೂರ್ತಿ ಕಡುನೀಲಿಯಾಗಿ ಮಿಂಚುತ್ತಿರುತ್ತದೆ. ಕಿವಿಗೂ ಕೆಲಸ ಕೊಡಿ. ಕಂಚುಗಾರ ಹಕ್ಕಿಯ ಟುಕ್ ಟುಕ್ ಬಿಸಿಲು ಏರಿದಷ್ಟೂ ಜೋರಾಗುತ್ತದೆ. ಇಷ್ಟು ದಿನ ಬಾಯಿ ಬಿಡದ ಕೋಗಿಲೆ ಒಂದು ನಸುಕಿನಲ್ಲಿ ಅರ್ಧ ಕೂಗಿ ನಿಲ್ಲಿಸುತ್ತದೆ. ಆ ಅರ್ಧ ಕೂಗು ಕೇಳಿದ ದಿನ ಬರೆದಿಡಿ.

ಕೊಯ್ಲು ಮುಗಿದ ಹೊಲಕ್ಕೆ ಕುರಿ ಹಿಂಡು ಬರುವುದು ಕೂಡ ಋತುವಿನ ಗುರುತೇ. ಕುರುಬರು, ಧನಗರರು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ, ಗಂಜಲ ಎರೆಗೆ ಗೊಬ್ಬರವಾಗುತ್ತದೆ. ಯಾವ ಹಿಂಡು ಯಾವ ದಿಕ್ಕಿನಿಂದ ಯಾವ ವಾರ ಬಂತು, ಕೇಳಿ ತಿಳಿದುಕೊಳ್ಳಿ. ಮೇವು ಎಲ್ಲಿ ಬೇಗ ಮುಗಿದಿದೆ ಎಂದು ತಾಲ್ಲೂಕು ಕಚೇರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಇದೆಲ್ಲ ಕಣ್ಣಿಗೆ ಹಬ್ಬ, ಇದರಿಂದ ಏನು ಬಂತು ಎಂದು ನೀವು ಕೇಳುವಿರಿ. ಕೇಳಬೇಕು. ಬಾವಿಯ ಉದಾಹರಣೆ ತೆಗೆದುಕೊಳ್ಳಿ. ಹಳೆಯ ಮೆಟ್ಟಿಲು ಬಾವಿಯಲ್ಲಿ ಸಂಕ್ರಾಂತಿಯ ದಿನ ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತವೆ, ಶಿವರಾತ್ರಿಗೆ ಎಷ್ಟು ಎಂದು ಎಣಿಸಿ. 2016ರ ಏಪ್ರಿಲ್‌ನಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಸುದ್ದಿಯಾದದ್ದು ಏಪ್ರಿಲ್‌ನಲ್ಲಿ; ಬಾವಿಗಳು ಬರಿದಾಗುವುದು ಒಂದು ದಿನದ ಕೆಲಸವಲ್ಲ. ಮಾಘದಲ್ಲಿ ಮೆಟ್ಟಿಲು ಎಣಿಸುವ ಮನೆಯವರು ಬೇಸಿಗೆಯ ಬೆಳೆ ಹಾಕಬೇಕೋ ಬೇಡವೋ, ಎಷ್ಟು ದನ ಇಟ್ಟುಕೊಳ್ಳಬೇಕು, ಎಷ್ಟು ಕಣಿಕೆ ಮಾರದೆ ಉಳಿಸಬೇಕು ಎಂಬ ಲೆಕ್ಕವನ್ನು ಎರಡು ತಿಂಗಳು ಮೊದಲೇ ಹಾಕಬಲ್ಲರು. ನಮ್ಮ ದೇವಣಿ ಹಸುಗಳನ್ನು ಬರಗಾಲದ ಸಂತೆಯಲ್ಲಿ ಸಿಕ್ಕ ಬೆಲೆಗೆ ಮಾರದಂತೆ ಕಾಯುವುದು ಇಂಥ ಲೆಕ್ಕವೇ.

ಆಕಾಶವನ್ನೂ ಹಾಗೇ ಲೆಕ್ಕಕ್ಕೆ ಹಿಡಿಯಿರಿ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮರಾಠವಾಡದ ಮೇಲೆ ಆಲಿಕಲ್ಲು ಸುರಿದು ನಿಂತ ಜೋಳ, ಗೋಧಿ, ಕಡಲೆ, ಹಣ್ಣಿನ ತೋಟ ನೆಲಸಮವಾದವು. ಚಳಿ ಇರಬೇಕಾದ ಬೆಳಿಗ್ಗೆ ಬೆವರು ಬಂದರೆ, ಗಾಳಿ ತೆಂಕಣದಿಂದ ತೇವ ಹೊತ್ತು ಬಂದರೆ, ಮಧ್ಯಾಹ್ನ ಮೋಡ ಗೋಪುರದಂತೆ ಎದ್ದರೆ, ಕಣದಲ್ಲಿರುವ ರಾಶಿಗೆ ತಾಡಪತ್ರಿ ಹೊದಿಸಿ. ಫೋನಿನ ಹವಾಮಾನ ಸೂಚನೆಯನ್ನೂ ನೋಡಿ. ಹಳೆಯದೊಂದೇ ಸಾಕು ಎಂದು ನಾನು ಹೇಳುವುದಿಲ್ಲ. ಆದರೆ ಫೋನು ಇಡೀ ಜಿಲ್ಲೆಯ ಮಾತು ಹೇಳುತ್ತದೆ. ನಿಮ್ಮ ಹೊಲದ ಮೇಲಿನ ಮೋಡವನ್ನು ನೀವೇ ನೋಡಬೇಕು.

ಕಾಲವೂ ಬದಲಾಗುತ್ತಿದೆ. 1901ರಿಂದ ಇಟ್ಟಿರುವ ಲೆಕ್ಕದಲ್ಲಿ ಇಡೀ ದೇಶದ ಗರಿಷ್ಠ ತಾಪಮಾನದ ಸರಾಸರಿ ಅಲ್ಲಿಯವರೆಗಿನ ಯಾವ ಫೆಬ್ರವರಿಗಿಂತಲೂ 2023ರ ಫೆಬ್ರವರಿಯಲ್ಲಿ ಹೆಚ್ಚಾಗಿತ್ತು ಎಂದು ಹವಾಮಾನ ಇಲಾಖೆ ಹೇಳಿತು. ಇಲಾಖೆಯ ಹತ್ತಿರ ತಾಪಮಾನದ ಲೆಕ್ಕವಿದೆ. ಆ ವರ್ಷ ನಿಲಂಗಾದ ಬೇವು ಎಷ್ಟು ದಿನ ಮೊದಲು ಬೋಳಾಯಿತು, ಉಮರ್ಗಾದ ಕಡಲೆಯ ಇಬ್ಬನಿ ಯಾವತ್ತು ನಿಂತಿತು ಎಂಬುದು ಯಾವ ಇಲಾಖೆಯ ಕಡತದಲ್ಲೂ ಇರುವಂಥದ್ದಲ್ಲ. ಅದನ್ನು ಅಲ್ಲಿ ಬದುಕುವವರೇ ಬರೆಯಬೇಕು.

ಬರೆದವರಿದ್ದಾರೆ. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂ ತುಂಬಿ ಅರಳಿದ ದಿನದ ದಾಖಲೆ ಒಂಬತ್ತನೇ ಶತಮಾನದಿಂದ ಸಿಗುತ್ತದೆ. ಅರಸರು, ಸನ್ಯಾಸಿಗಳು ತಮ್ಮ ದಿನಚರಿಗಳಲ್ಲಿ ಬರೆದಿಟ್ಟದ್ದು. ಅವರು ಹಬ್ಬದ ನೆನಪಿಗೆ ಬರೆದರು. ಆದರೆ 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿದಾಗ, 1200 ವರ್ಷಗಳಲ್ಲೇ ಇದು ಅತಿ ಬೇಗ ಎಂದು ಹೇಳಲು ಸಾಧ್ಯವಾದದ್ದು ಅವರ ಬರಹದಿಂದ. ಇಂಗ್ಲೆಂಡಿನಲ್ಲಿ ರಾಬರ್ಟ್ ಮಾರ್ಶಮ್ ಎಂಬ ಜಮೀನುದಾರ 1736ರಲ್ಲಿ ತನ್ನ ತೋಟದ ಮೊದಲ ಹೂ, ಮೊದಲ ಚಿಗುರು, ಮೊದಲ ಹಕ್ಕಿಕೂಗಿನ ದಿನ ಬರೆಯತೊಡಗಿದ; ಅವನ ಮನೆತನದವರು 1958ರವರೆಗೆ ಅದನ್ನು ಮುಂದುವರಿಸಿದರು. ಒಂದು ಮನೆಯ ವಹಿ ಮುಂದೆ ವಿಜ್ಞಾನಿಗಳಿಗೆ ಆಕರವಾಯಿತು. ನಮ್ಮ ದೇಶದಲ್ಲೂ 2010ರಿಂದ ಸೀಸನ್‌ವಾಚ್ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಶಾಲೆಯ ಮಕ್ಕಳು, ಊರಿನವರು ಒಂದೊಂದು ಮರ ಆರಿಸಿಕೊಂಡು, ವಾರಕ್ಕೊಮ್ಮೆ ನೋಡಿ, ಚಿಗುರು, ಹೂ, ಕಾಯಿ ಇದೆಯೋ ಇಲ್ಲವೋ, ಕಡಿಮೆಯೋ ಹೆಚ್ಚೋ ಎಂದು ದಾಖಲಿಸುತ್ತಾರೆ. ಪ್ರತಿ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳ ಪಟ್ಟಿ ಕಳಿಸಿದರೆ ಸಾಕು. ನೀವು ದಿನವಿಡೀ ಕೈಯಲ್ಲಿ ಹಿಡಿದಿರುವ ಫೋನನ್ನು ಇದಕ್ಕೂ ಬಳಸಬಹುದು.

ಮಾಡುವುದು ಹೇಗೆ? ಒಂದು ಮರ, ಒಂದು ಬಿರುಕು, ಒಂದು ಬಾವಿ, ಅಷ್ಟು ಆರಿಸಿಕೊಳ್ಳಿ. ಹೆಚ್ಚು ಬೇಡ, ಹೆಚ್ಚು ಹಿಡಿದವರು ಹೋಳಿಯೊಳಗೆ ಬಿಟ್ಟುಬಿಡುತ್ತಾರೆ. ಮರವನ್ನು ದಿನವೂ ಹೋಗುವ ದಾರಿಯಲ್ಲೇ ಆರಿಸಿ. 1993ರ ಸೆಪ್ಟೆಂಬರ್ 30ರಂದು ನಮ್ಮ ಸೀಮೆಯಲ್ಲಾದ ಭೂಕಂಪದ ನಂತರ ಕಟ್ಟಿದ ಹೊಸ ಊರುಗಳಲ್ಲಿ ಇರುವವರು ಆಗ ನೆಟ್ಟ ಗಿಡವನ್ನೇ ಆರಿಸಿಕೊಳ್ಳಿ. ಅದರ ವಯಸ್ಸು ಊರಿಗೆಲ್ಲ ಗೊತ್ತಿರುತ್ತದೆ, ನೆಟ್ಟವರೂ ಇನ್ನೂ ಇದ್ದಾರು. ಪಟ್ಟಣದಲ್ಲಿರುವವರಿಗೆ ಒಂದು ಅರಳಿ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ನೋಡಿ. ಫೋಟೊ ತೆಗೆಯುವುದಾದರೆ ಅದೇ ಜಾಗದಿಂದ ತೆಗೆಯಿರಿ. ಎರಡು ಸಾಲು ಬರೆಯಿರಿ: ಕಂಡದ್ದು ಒಂದು ಸಾಲು, ಹೋದ ವಾರಕ್ಕಿಂತ ಏನು ಬೇರೆ ಎನ್ನುವುದು ಇನ್ನೊಂದು ಸಾಲು. ಎರಡನೇ ಸಾಲು ಹೊಳೆಯದಿದ್ದರೆ ಇನ್ನೂ ಐದು ನಿಮಿಷ ನಿಲ್ಲಿ. ಗೂಡಿಗೆ ಕೈ ಹಾಕಬೇಡಿ, ಹೂವಿನ ಕೊಂಬೆ ಮುರಿಯಬೇಡಿ, ಬೇರೆಯವರ ಹೊಲಕ್ಕೆ ಹೇಳದೆ ಹೋಗಬೇಡಿ.

ಪರೀಕ್ಷೆ ಇದೆ ಎನ್ನುತ್ತೀರಿ. ಇದೆ, ಫೆಬ್ರವರಿ-ಮಾರ್ಚ್ ಎಂದರೆ ಹನ್ನೆರಡನೆಯ, ಹತ್ತನೆಯ ತರಗತಿಯ ಪರೀಕ್ಷೆಯ ಕಾಲ. ಮರಾಠರಿಗೂ ನಿಜಾಮನಿಗೂ ಉದಗೀರದಲ್ಲಿ ಯುದ್ಧವಾದದ್ದು 1760ರ ಫೆಬ್ರವರಿಯಲ್ಲಿ ಎಂದು ಬಾಯಿಪಾಠ ಮಾಡುತ್ತೀರಿ. ಅದೇ ಫೆಬ್ರವರಿಯಲ್ಲಿ ಉದಗೀರದ ಸುತ್ತಲಿನ ಹೊಲದಲ್ಲಿ ಏನು ನಿಂತಿರುತ್ತದೆ, ಸೈನ್ಯದ ಕುದುರೆಗಳಿಗೆ ಮೇವು ಎಲ್ಲಿಂದ ಬಂದೀತು, ಹಳ್ಳದಲ್ಲಿ ನೀರು ಎಷ್ಟಿದ್ದೀತು ಎಂದು ಯೋಚಿಸಿದ ಹುಡುಗನಿಗೆ ಆ ಇಸವಿ ಮರೆಯುವುದಿಲ್ಲ. ಹತ್ತು ನಿಮಿಷ ಮಾಳಿಗೆಯ ಮೇಲೆ ನಿಂತದ್ದಕ್ಕೆ ಯಾರೂ ಫೇಲಾಗಿಲ್ಲ.

ಹೆಸರು ಕೇಳುವಾಗ ನಾಚಿಕೆ ಬೇಡ. ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಆಮೇಲೆ ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು. ಎಳ್ಳಮಾವಾಸ್ಯೆ ಎರಡೂ ಕಡೆ ಉಳಿಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ, ಇನ್ನೂ ಪೂರ್ವಕ್ಕೆ ಹೋದರೆ ತೆಲುಗು. ಅಜ್ಜಿ ಮುತ್ತಲ ಎಂದದ್ದನ್ನು ಮೇಷ್ಟ್ರು ಪಳಸ ಎಂದರೆ ಎರಡನ್ನೂ ಬರೆದುಕೊಳ್ಳಿ. ಸೊಲ್ಲಾಪುರದಲ್ಲಿ 1932ರಲ್ಲಿ ಹುಟ್ಟಿದ ಮಾರುತಿ ಚಿತಮಪಲ್ಲಿಯವರು ಅರಣ್ಯ ಇಲಾಖೆಯ ನೌಕರಿಯಲ್ಲಿ ಕಾಡು ಸುತ್ತುತ್ತ, ಆದಿವಾಸಿಗಳಿಂದ, ಕಾಡಿನಲ್ಲಿ ಕೆಲಸ ಮಾಡುವವರಿಂದ ಹಕ್ಕಿ, ಮರಗಳ ತಿಳಿವಳಿಕೆ ಕೇಳಿ ಕೇಳಿ ಕೂಡಿಸಿ ಮರಾಠಿಯಲ್ಲಿ ಪಕ್ಷಿಕೋಶ ಮಾಡಿದರು. ಅಧಿಕಾರಿಯಾಗಿದ್ದೂ ಕೇಳುವುದನ್ನು ಬಿಡಲಿಲ್ಲ. ನಿಮ್ಮ ಹೊಲದಲ್ಲಿ ಕೂಲಿಗೆ ಬರುವ ಅವ್ವನಿಗೆ, ಕುರಿ ಕಾಯುವ ಕಾಕಾನಿಗೆ ಗೊತ್ತಿರುವಷ್ಟು ಸಸ್ಯಗಳ ಹೆಸರು ನಿಮ್ಮ ಪುಸ್ತಕದಲ್ಲಿಲ್ಲ.

ಕೊನೆಗೆ, ನಾವು ಹಿರಿಯರು ಹೇಳಿದ್ದನ್ನೂ ಹಾಗೇ ನಂಬಬೇಡಿ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತದೆ ಎನ್ನುವುದು ನಮ್ಮ ಗಾದೆ. ಆದರೆ ಹಬ್ಬ ಚಂದ್ರನ ಲೆಕ್ಕದಲ್ಲಿ ನಡೆಯುತ್ತದೆ, ಚಳಿ ಸೂರ್ಯನ ಲೆಕ್ಕದಲ್ಲಿ. 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಬಂತು, 2026ರಲ್ಲಿ ಫೆಬ್ರವರಿ 15ಕ್ಕೆ. ಎರಡರ ನಡುವೆ ಮೂರು ವಾರದ ಅಂತರ. ಒಂದು ವರ್ಷ ಗಾದೆ ತಡವಾಗಿ ಹೇಳಿದಂತಾಗುತ್ತದೆ, ಇನ್ನೊಂದು ವರ್ಷ ಅವಸರದಲ್ಲಿ ಹೇಳಿದಂತೆ. ಅದಕ್ಕೇ ನಿಮ್ಮ ವಹಿಯಲ್ಲಿ ತಿಥಿಯನ್ನೂ ಬರೆಯಿರಿ, ತಾರೀಖನ್ನೂ ಬರೆಯಿರಿ. ಕೆಲವು ವರ್ಷ ಬರೆದ ಮೇಲೆ ನಮ್ಮ ಯಾವ ಗಾದೆ ನಿಂತಿದೆ, ಯಾವುದು ಸಡಿಲಾಗಿದೆ, ಯಾವುದು ಈ ಬಿಸಿಲಿಗೆ ಪೂರ್ತಿ ತಪ್ಪಿದೆ ಎಂದು ನಿಮಗೇ ಗೊತ್ತಾಗುತ್ತದೆ. ತಪ್ಪಿದ್ದರೆ ಮುಲಾಜಿಲ್ಲದೆ ಬಂದು ಹೇಳಿ. ನಮ್ಮ ಅಜ್ಜಂದಿರು ಕಂಡದ್ದನ್ನು ಗಾದೆ ಮಾಡಿ ನಮಗೆ ಕೊಟ್ಟರು; ನಾವು ಅದನ್ನು ಒಪ್ಪಿಕೊಂಡು ನಿಮಗೆ ದಾಟಿಸಿದೆವು. ಅದನ್ನು ಹೊಲಕ್ಕೆ ಒಯ್ದು ಒರೆಗೆ ಹಚ್ಚಿ ನೋಡುವ ಕೆಲಸ ನಿಮ್ಮದು.